ಹೆಬ್ಬಾವಿನ ಬೋಣಿ

ಒಂದು ಹೆಬ್ಬಾವಿನ ಮರಿಯನ್ನು ಇಪ್ಪತ್ತು ಪೌಂಡಿಗೆ ಮಾರಿ, ಐದೇ ನಿಮಿಷದಲ್ಲಿ ಒಂದಿಡೀ ಹಾಲ್‌ನ ಜನರನ್ನು ಎದುರು ಹಾಕಿಕೊಂಡವಳು ನಾನು.

ನಗಬೇಡಿ. ಮೊದಲು ಕಥೆ ಕೇಳಿ.

ನಮ್ಮ ಯಜಮಾನರು ಸದಾನಂದ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಔಷಧಿ ಕಾರ್ಖಾನೆಯ ಟೆಕ್ನೀಷಿಯನ್. ಲಾಕ್‌ಡೌನ್‌ನಲ್ಲಿ ಊರಿನವರೆಲ್ಲ ಕೇಕ್ ಮಾಡುವುದು ಕಲಿಯುತ್ತಿದ್ದಾಗ ಇವರು ಒಂದು ಜೋಡಿ ಹೆಬ್ಬಾವು ತಂದರು. ಕಾಡಿನಿಂದ ಹಿಡಿದದ್ದಲ್ಲ, ಇಲ್ಲೇ ಸಾಕಿ ಮರಿ ಮಾಡಿಸಿದ್ದು. ರಾಯಲ್ ಪೈಥಾನ್ ಅನ್ನುತ್ತಾರೆ. ವಿಷವಿಲ್ಲ, ಬೆಳೆದರೆ ನಾಲ್ಕಡಿ, ಹೆದರಿದರೆ ಚೆಂಡಿನ ಹಾಗೆ ಸುರುಳಿ ಸುತ್ತಿಕೊಂಡು ತಲೆ ಒಳಗಿಟ್ಟುಕೊಳ್ಳುತ್ತದೆ. ಹೆಣ್ಣಿನ ಮೈಮೇಲೆ ಅಲ್ಲಲ್ಲಿ ಸುಣ್ಣ ಬಳಿದ ಹಾಗೆ ಬಿಳಿ. ಆ ಬಿಳಿಗೇ ಬೆಲೆ. ಜೋಡಿಗೆ ಒಂಬೈನೂರು ಪೌಂಡ್ ಕೊಟ್ಟು ತಂದರು. (ನನ್ನ ಕರಿಮಣಿ ಸರ ತುಂಡಾಗಿ ಆರು ತಿಂಗಳಾಗಿತ್ತು, ಅದರ ರಿಪೇರಿಗೆ ಮಾತ್ರ ದುಡ್ಡಿರಲಿಲ್ಲ.)

ಮಹಡಿಯ ಮೇಲಿನ ಬಾಕ್ಸ್ ರೂಮ್ ಎಂಬ ಪುಟ್ಟ ಕೋಣೆಯನ್ನು ನಾನು ದೇವರ ಕೋಣೆ ಮಾಡಬೇಕೆಂದಿದ್ದೆ. ಅಲ್ಲಿ ಹಾವಿನ ಪೆಟ್ಟಿಗೆಗಳು ಬಂದು ಕೂತವು. ಕಾರ್ಕಳದಲ್ಲಿರುವ ಅತ್ತೆ ವಿಡಿಯೋ ಕಾಲ್‌ನಲ್ಲಿ ನೋಡಿದವರೇ ಕೈ ಮುಗಿದರು. ಆಮೇಲೆ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ, ಇದು ನಾಗ ಅಲ್ಲ, ಕೋಳಿ ನುಂಗುವ ಜಾತಿ ಎಂದು ಮುಗಿದ ಕೈ ಕೆಳಗಿಳಿಸಿದರು. ದೇವರ ಕೋಣೆಯೂ ಹೋಯಿತು, ಬಂದದ್ದು ದೇವರೂ ಅಲ್ಲ!

ಹೆಣ್ಣಿಗೆ ರುಕ್ಕು ಅಂತ ಹೆಸರಿಟ್ಟರು. ಮೊದಲ ಸಲ ಆರು ಮೊಟ್ಟೆ ಇಟ್ಟಳು. ಒಂದೊಂದು ಮರಿ ಇನ್ನೂರೈವತ್ತು ಪೌಂಡಿಗೆ ಹೋಯಿತು. ಇವರ ತಲೆ ತಿರುಗದೆ ಇರುತ್ತದೆಯೇ? ವಾರಾಂತ್ಯದ ಓವರ್‌ಟೈಮ್ ಶಿಫ್ಟ್ ಬಿಡುತ್ತೇನೆ, ಇನ್ನು ಭಾನುವಾರ ಮನೆಯಲ್ಲೇ ಎಂದು ಕ್ಯಾಲೆಂಡರ್ ಮುಂದೆ ನಿಂತು ಘೋಷಿಸಿದರು.

ಶಿಫ್ಟ್ ಬಿಡಲಿಲ್ಲ. ಯಾಕೆ ಗೊತ್ತೇ? ಲಾಕ್‌ಡೌನ್‌ನಲ್ಲಿ ಹಾವು ಕೊಂಡವರೆಲ್ಲ ನಮ್ಮವರ ಹಾಗೆಯೇ ಲೆಕ್ಕ ಹಾಕಿದ್ದರು. ಎಲ್ಲರ ಬಾಕ್ಸ್ ರೂಮಿನಲ್ಲೂ ಒಂದೊಂದು ರುಕ್ಕು ಮೊಟ್ಟೆ ಇಡುತ್ತಿದ್ದಳು! ಮುಂದಿನ ಸಲದ ಮರಿಗಳು ನೂರಕ್ಕೆ ಇಳಿದವು. ಅದರ ಮುಂದಿನ ಸಲ ಅರವತ್ತಕ್ಕೂ ಕೇಳುವವರಿಲ್ಲ.

ಎ ಲೆವೆಲ್‌ನಲ್ಲಿ, ಅಂದರೆ ಇಲ್ಲಿಯ ಪಿಯುಸಿಯಲ್ಲಿ, ಎಕನಾಮಿಕ್ಸ್ ಓದುವ ಮಗಳು ಅನಘಾ ಅಪ್ಪನ ಮುಂದೆ ಒಂದು ಗ್ರಾಫ್ ಬರೆದಿಟ್ಟಳು. "ಪಪ್ಪಾ, ಸಪ್ಲೈ ಈಸ್ ಅಪ್, ಡಿಮ್ಯಾಂಡ್ ಈಸ್ ಡೌನ್. ಸಿಂಪಲ್."

ನನಗೆ ಗ್ರಾಫ್ ಬೇಕಾಗಿಲ್ಲ. ನಾನು ಮಲ್ಪೆಯವಳು. ಬೋಟಿನವರಿಗೆಲ್ಲ ಬಂಗುಡೆ ಸಿಕ್ಕ ದಿನ ಬಂಗುಡೆಗೆ ಬೆಲೆ ಇರುವುದಿಲ್ಲ ಎಂದು ಒಂದನೇ ಕ್ಲಾಸಿಗೆ ಸೇರುವ ಮೊದಲೇ ಗೊತ್ತಿತ್ತು. ಆದರೆ ಹೆಚ್ಚಾದ ಬಂಗುಡೆಯನ್ನು ಉಪ್ಪು ಹಾಕಿ ಒಣಗಿಸಬಹುದು. ಹೆಚ್ಚಾದ ಹೆಬ್ಬಾವನ್ನು ಏನು ಮಾಡುತ್ತೀರಿ? ಅದು ಇಪ್ಪತ್ತೈದು ಮೂವತ್ತು ವರ್ಷ ಬದುಕುವ ಪ್ರಾಣಿ. ಹೀಟರ್ ಬೇಕು, ಇಲಿ ಬೇಕು. (ನಮ್ಮ ಫ್ರೀಜರ್‌ನಲ್ಲಿ ಮೇಲಿನ ಡ್ರಾಯರ್ ಬಂಗುಡೆಗೆ, ಕೆಳಗಿನದ್ದು ಇಲಿಗೆ. ನೆಂಟರು ಬಂದರೆ ಐಸ್‌ಕ್ರೀಮ್ ನಾನೇ ತೆಗೆದುಕೊಡುತ್ತೇನೆ.)

ಕೊನೆಗೆ ಹನ್ನೊಂದು ಮರಿ ಉಳಿದವು. ಮ್ಯಾಂಚೆಸ್ಟರಿನ ಹೊರಗಿನ ಒಂದು ಲೀಷರ್ ಸೆಂಟರ್‌ನ ದೊಡ್ಡ ಹಾಲ್‌ನಲ್ಲಿ ಹಾವು ಸಾಕುವವರ ಮೇಳ ಇತ್ತು. ಗಾಳಿ ಆಡಲು ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಗಳನ್ನು ಕಾರಿಗೆ ಇಡುತ್ತ ಸದಾನಂದ, ನನ್ನ ಮುಖ ನೋಡದೆ, "ಇವತ್ತು ಇವು ಒಳ್ಳೆ ಬೆಲೆಗೆ ಹೋಗದಿದ್ರೆ ರುಕ್ಕುವನ್ನೂ ಕೊಟ್ಟುಬಿಡ್ತೇನೆ. ನಿನ್ನ ದೇವರ ಕೋಣೆ ನಿನಗೆ" ಅಂದರು.

ನನಗೆ ಖುಷಿ ಆಗಬೇಕಿತ್ತಲ್ಲವೇ? ಆಗಲಿಲ್ಲ. ಐದು ವರ್ಷ ರುಕ್ಕುವಿನ ನೀರಿನ ಬಟ್ಟಲು ತೊಳೆದವಳು ನಾನು. ಸ್ನಾನ ಮಾಡಿ ಬಂದು ಅವಳ ಪೆಟ್ಟಿಗೆಯ ಮುಂದೆ ನಿಂತರೆ ತಲೆಯೆತ್ತಿ ನಾಲಿಗೆ ಆಡಿಸುತ್ತಾಳೆ. ಅದು ನನ್ನ ಸಾಬೂನಿನ ವಾಸನೆಗೆ ಅಂತಾರೆ ಇವರು. ಇರಲಿ ಬಿಡಿ, ಅಷ್ಟಾದರೂ ಗುರುತು ಹಿಡಿಯುತ್ತಾಳಲ್ಲ.

ಮೇಳದಲ್ಲಿ ಎಲ್ಲಿ ನೋಡಿದರೂ ಮೇಜು, ಪ್ರತಿ ಮೇಜಿನ ಮೇಲೂ ನಮ್ಮಲ್ಲಿದ್ದಂಥವೇ ಮರಿಗಳು. ಎಲ್ಲರ ಚೀಟಿಯಲ್ಲೂ ಅರವತ್ತು ಪೌಂಡ್. ಎಲ್ಲರೂ ಸುಮ್ಮನೆ ಕೂತಿದ್ದರು. ಹನ್ನೊಂದು ಗಂಟೆಯಾದರೂ ನಮಗೆ ಒಂದು ವ್ಯಾಪಾರವೂ ಆಗಲಿಲ್ಲ.

ಆಗ ಬಂದವರು ಶೀಲಾ. ನಮ್ಮ ಕಡೆಯ ಶೀಲಾ ಅಲ್ಲ, ಸ್ಟಾಕ್‌ಪೋರ್ಟ್‌ನ ಬಿಳಿ ಕೂದಲಿನ ಶೀಲಾ. ಬಸ್ ಡ್ರೈವರ್ ಆಗಿದ್ದು ರಿಟೈರ್ ಆದವರು. ಇಪ್ಪತ್ತನೇ ವಯಸ್ಸಿನಿಂದ ಹಾವು ಸಾಕುವ ಆಸೆಯಂತೆ. ಗಂಡ ಇರುವ ತನಕ ಬೇಡ ಅಂದರಂತೆ, ಅವರು ತೀರಿಕೊಂಡ ಮೇಲೆ ಬೆಲೆ ಬೇಡ ಅಂದಿತಂತೆ. ಅರ್ಧ ಗಂಟೆ ನಿಂತು ನಮ್ಮವರ ಹತ್ತಿರ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು, ಎಷ್ಟು ಬೆಚ್ಚಗಿರಬೇಕು ಎಂದೆಲ್ಲ ಕೇಳಿದರು. ಬೆಲೆ ಕೇಳಿದರು. ಪರ್ಸ್ ತೆಗೆದು ನೋಡಿದರು. ಇಪ್ಪತ್ತರ ಒಂದೇ ನೋಟು. ಥ್ಯಾಂಕ್ಯೂ ಲವ್ ಎಂದು ಹೊರಟರು.

ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ಹೋಗುವುದೇ? ಮಲ್ಪೆಯಲ್ಲಿ ಹುಟ್ಟಿದ ಯಾರು ನೋಡಿಕೊಂಡು ಕೂರುತ್ತಾರೆ? ಬೋಣಿ ಆಗದೆ ಬುಟ್ಟಿ ಏಳುವುದಿಲ್ಲ. ಮೊದಲ ಗಿರಾಕಿ ಕೊಟ್ಟಷ್ಟು ತಗೋ, ಆಮೇಲಿನವರ ಹತ್ತಿರ ಚೌಕಾಸಿ ಮಾಡು. ನನ್ನ ಬಾಯಿ ನನ್ನನ್ನು ಕೇಳದೆ ಕೂಗಿತು: "ಶೀಲಾ! ಟ್ವೆಂಟಿ ಈಸ್ ಫೈನ್!"

ಕೂಗಿದ್ದು ಸ್ವಲ್ಪ ಜೋರಾಯಿತು. ಮೀನು ಮಾರ್ಕೆಟ್ಟಿನ ಗಂಟಲು.

ಬೋಣಿ ಅಂದರೆ ಅಲ್ಲಿ ಯಾರಿಗೆ ಗೊತ್ತು? ಅವರಿಗೆ ಕೇಳಿಸಿದ್ದು ಒಂದೇ, ಮೂಲೆಯ ಮೇಜಿನಲ್ಲಿ ಬೆಲೆ ಇಪ್ಪತ್ತು. ಶೀಲಾ ಡಬ್ಬಿ ಎದೆಗೊತ್ತಿಕೊಂಡು ಹೋಗುವಷ್ಟರಲ್ಲಿ ಐದಾರು ಜನ ಇಪ್ಪತ್ತರ ನೋಟು ಹಿಡಿದು ನಿಂತರು. ಪಕ್ಕದ ಮೇಜಿನ ಧಡೂತಿ ಮನುಷ್ಯ ಎದ್ದು ಬಂದು, ಇಡೀ ಹಾಲ್‌ನ ಹೊಟ್ಟೆ ಮೇಲೆ ಹೊಡೆದಿರಿ ಎಂಬರ್ಥದ ಮಾತನ್ನು ಆಡಿದ. (ಅವನ ಶಬ್ದಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.) ಅದು ಬೋಣಿಗೆ ಮಾತ್ರ ಎಂದು ನಾನು ವಿವರಿಸಲು ಹೋದೆ. ಕೇಳುವ ಮುಖವೇ ಅಲ್ಲ. ಊಟದ ಹೊತ್ತಿಗೆ ಅವನೂ ತನ್ನ ಚೀಟಿಯ ಅರವತ್ತನ್ನು ಹೊಡೆದುಹಾಕಿ ಇಪ್ಪತ್ತು ಅಂತ ಬರೆದ.

ಎರಡು ಗಂಟೆಗೆ ನಮ್ಮ ಹನ್ನೊಂದೂ ಅದೇ ಇಪ್ಪತ್ತಕ್ಕೆ ಖಾಲಿ. ಒಂದು ಮಾತು ಹೇಳಲೇಬೇಕು. ಮೊದಲು ಇನ್ನೂರೈವತ್ತು ಕೊಟ್ಟವರೆಲ್ಲ ಮರಿ ಮಾಡಿಸಿ ಮಾರುವವರು. ಈ ಸಲ ಬಂದದ್ದು ಸಾಕುವವರು. ಒಬ್ಬ ನರ್ಸ್, ಒಬ್ಬ ಮೇಷ್ಟ್ರು, ಅಜ್ಜಿಯ ಕೈ ಹಿಡಿದ ಮೊಮ್ಮಗಳು. ನಮ್ಮವರು ಒಬ್ಬೊಬ್ಬರಿಗೂ ಪಾಠ ಮಾಡಿ, ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟೇ ಡಬ್ಬಿ ಕೈಗೆ ಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ ಮ್ಯಾಕಲ್ಸ್‌ಫೀಲ್ಡ್ ಬೋರ್ಡ್ ಕಂಡಾಗ ಇವರದ್ದು ಒಂದೇ ಮಾತು: "ಬಂಗುಡೆ ಮಾರಿದ ಹಾಗೆ ಮಾರಿದೆಯಲ್ಲ ಮಾರಾಯ್ತಿ."

ಹೌದು, ಬಂಗುಡೆ ಮಾರಿದ ಹಾಗೆಯೇ ಮಾರಿದ್ದೆ.

ಮರುದಿನ ರುಕ್ಕುವಿನ ಫೋಟೋ ತೆಗೆದು ಮಾರಾಟಕ್ಕಿದೆ ಎಂದು ಆನ್‌ಲೈನ್‌ನಲ್ಲಿ ಹಾಕಿದರು. ಫೋಟೋಗೆ ಲೈಟ್ ಹಿಡಿದವಳು ನಾನೇ. ಎರಡು ಸಲ ಲೈಟ್ ಓರೆ ಹಿಡಿದು ಫೋಟೋ ಕೆಡಿಸಿದೆ. ಮೂರು ವಾರ ಯಾರೂ ಕೇಳಲಿಲ್ಲ. ಬೆಲೆ ಬಿದ್ದದ್ದಕ್ಕೆ ನಾನು ದೇವರಿಗೆ ದೀಪ ಹಚ್ಚಿದ್ದು ಅದೇ ಮೊದಲು.

ನಾಲ್ಕನೇ ವಾರ ಫೋನ್ ಬಂತು. ರುಕ್ಕುವಿಗಲ್ಲ. ಶೀಲಾ, ಅಳುವ ಧ್ವನಿಯಲ್ಲಿ. ಮರಿ ಮೂರು ವಾರದಿಂದ ಏನೂ ತಿಂದಿಲ್ಲವಂತೆ. ಈ ಜಾತಿಯೇ ಹಾಗೆ, ಜಾಗ ಬದಲಾದರೆ ಉಪವಾಸ ಕೂರುತ್ತದೆ. ಸದಾನಂದ ಹೋಗಿ ನೋಡಿದರು. ಅಡಗಿ ಕೂರಲು ಇಕ್ಕಟ್ಟಾದ ಒಂದು ಗೂಡು ಇಡಿ, ಒಂದು ವಾರ ಮುಟ್ಟಬೇಡಿ ಎಂದು ಹೇಳಿ ಬಂದರು. ಹತ್ತನೇ ದಿನ ಮರಿ ಇಲಿ ನುಂಗಿತು. ಶೀಲಾ ವಿಡಿಯೋ ಕಳಿಸಿದರು. (ನೋಡಬೇಡಿ.)

ಜೂನ್‌ನಲ್ಲಿ ಮತ್ತೆ ಶೀಲಾ. ಮಗಳ ಜೊತೆ ಎರಡು ವಾರ ಸ್ಪೇನ್‌ಗೆ ಹೋಗಬೇಕು. ನಾಯಿಯಾದರೆ ಬಿಟ್ಟು ಹೋಗಲು ನೂರು ಜಾಗ ಇದೆ. ಹಾವನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಕ್ಕಪಕ್ಕದವರು ಬಾಗಿಲೇ ತೆಗೆಯುವುದಿಲ್ಲವಂತೆ. ವಾರಕ್ಕೆ ಇಪ್ಪತ್ತೈದು ಕೊಡುತ್ತೇನೆ, ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು.

ಸದಾನಂದ ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಹಾವಿಗೆ ಇಪ್ಪತ್ತು. ಹಾವು ನೋಡಿಕೊಳ್ಳಲಿಕ್ಕೆ ವಾರಕ್ಕೆ ಇಪ್ಪತ್ತೈದು. ಇದು ಎಂತ ಲೆಕ್ಕ ಮಾರಾಯ್ತಿ?"

ಸೋಫಾದಿಂದ ಅನಘಾ ತಲೆ ಎತ್ತದೆ, "ಸ್ನೇಕ್ಸ್ ಆರ್ ಎವ್ರಿವೇರ್, ಪಪ್ಪಾ. ದೇರ್ಸ್ ಓನ್ಲಿ ಒನ್ ಆಫ್ ಯೂ" ಅಂದಳು.

ಅದೇ ತಾನೇ ಸಪ್ಲೈ, ಡಿಮ್ಯಾಂಡ್? ಹಾವು ಅಗ್ಗವಾದಷ್ಟೂ ಮನೆಮನೆಗೆ ಹಾವು. ಹಾವಿದ್ದ ಕಡೆಯೆಲ್ಲ ಸಂದೇಹ, ಭಯ, ರಜೆ. ರಾತ್ರಿ ಪಾಳಿ ಮುಗಿಸಿ ಬಂದು, ಶೂ ಬಿಚ್ಚುವ ಮೊದಲೇ ಹಾವಿಗೆ ನೀರಿದೆಯೇ ಎಂದು ನೋಡುವ ಮನುಷ್ಯ ಮಾತ್ರ ಯಾವ ಮೇಳದಲ್ಲೂ ಸಿಗುವುದಿಲ್ಲ. ನಾವು ಐದು ವರ್ಷ ತಪ್ಪು ಸರಕನ್ನು ಮೇಜಿನ ಮೇಲಿಟ್ಟು ಕೂತಿದ್ದೆವು.

ಊರಿನ ಕೌನ್ಸಿಲ್‌ಗೆ ಫೋನ್ ಮಾಡಿ, ಏನೇನು ನಿಯಮ ಎಂದು ಕೇಳಿಯೇ ಶುರು ಮಾಡಿದೆವು. ಶೀಲಾ ಮೇಳದಲ್ಲಿ ಮರಿ ಕೊಂಡ ನರ್ಸ್‌ಗೆ ಹೇಳಿದರು, ನರ್ಸ್ ಇನ್ಯಾರಿಗೋ. ಈ ಆಗಸ್ಟ್‌ನಲ್ಲಿ ಬಾಕ್ಸ್ ರೂಮಿನಲ್ಲಿ ಏಳು ಅತಿಥಿಗಳು. ಅದರಲ್ಲಿ ಒಂದು ಪಕ್ಕದ ಮೇಜಿನ ಧಡೂತಿಯದ್ದು. ತಂದು ಬಿಡುವಾಗ ನನ್ನನ್ನು ನೋಡಿ ಗೊಣಗಿದ, ಆದರೆ ಎರಡು ವಾರದ ದುಡ್ಡು ಮುಂಗಡ ಕೊಟ್ಟ.

ಗಂಡು ಹಾವು ಈಗ ಬೇರೆ ಪೆಟ್ಟಿಗೆಯಲ್ಲಿದೆ. ಈ ವರ್ಷ ಮೊಟ್ಟೆ ಇಲ್ಲ. ರುಕ್ಕುವಿನ ಜಾಹೀರಾತನ್ನು ಸದಾನಂದ ನನಗೆ ಹೇಳದೆ ತೆಗೆದುಹಾಕಿದ್ದಾರೆ, ನಾನೂ ನೋಡಿದೆ ಎಂದು ಹೇಳಿಲ್ಲ. ದೇವರ ಪಟಗಳು ಅಡುಗೆಮನೆಯ ಶೆಲ್ಫ್‌ನಲ್ಲೇ ಸುಖವಾಗಿವೆ. ಹೋದ ತಿಂಗಳ ಪಾಳಿಪಟ್ಟಿ, ಅಂದರೆ ರೋಟಾ, ಬಂದಾಗ ಇವರು ಭಾನುವಾರದ ಓವರ್‌ಟೈಮ್‌ಗೆ ಹೆಸರು ಕೊಡಲಿಲ್ಲ. ಈಗ ಭಾನುವಾರ ಬೆಳಿಗ್ಗೆ ನೀರುದೋಸೆ ಹೊಯ್ಯುವುದು ಅವರೇ.

ಈಗ ಹೇಳಿ, ನನ್ನ ಬೋಣಿ ಕೆಟ್ಟದ್ದಾ?