ಕರ್ಪೂರ ಮುಟ್ಟಿ ಬಿಟ್ಟ ಮಾತ್ರೆ

ನಮ್ಮಕ್ಕ ಸಿದ್ದಗಂಗಮ್ಮ ಮಿಡಿಗೇಶಿಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಇನ್ನೂರು ಮಕ್ಕಳ ಸಾರಿಗೆ ಕೈಯಳತೆಯಲ್ಲೇ ಉಪ್ಪು ಹಾಕುತ್ತಿದ್ದಳು, ರುಚಿ ನೋಡುತ್ತಿರಲಿಲ್ಲ. ಬಾಯಿ ಜೋರು. ಕೊಟ್ಟ ಮಾತಿಗೆ ಮಾತ್ರ ಎಂದೂ ತಪ್ಪಿದವಳಲ್ಲ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ವೀರಭದ್ರನಿಗೆ ಮುಡಿ ಹರಸಿಕೊಂಡಳು. ಜ್ವರ ಬಿಟ್ಟ ಮರುದಿನವೇ ಉದ್ದ ಜಡೆ ತೆಗೆಸಿ, ಬೋಳುತಲೆಯಲ್ಲಿ ಸ್ಕೂಲಿಗೆ ಹೋದಳು.

ಭಾವ ಎದೆನೋವಿನಿಂದ ತೀರಿಕೊಂಡ ನಾಲ್ಕು ತಿಂಗಳಿಗೆ, ಮಧುಗಿರಿ ಬಸ್ಸಿನಲ್ಲಿ ಅಕ್ಕನಿಗೂ ಎದೆ ಹೊಡೆದುಕೊಳ್ಳತೊಡಗಿತು. ಕೈಕಾಲು ತಣ್ಣಗಾದವು. ಸತ್ತೇ ಹೋಗ್ತೀನಿ ಎಂದು ಕಿರುಚಿದಳಂತೆ. ಇಸಿಜಿ ತೆಗೆದ ಡಾಕ್ಟರ್ ಪ್ರಭುದೇವ್, ‘ಹೃದಯ ಚೆನ್ನಾಗಿದೆ, ಇದು ಗಾಬರಿ ಕಾಯಿಲೆ’ ಎಂದು ಅಲ್ಪ್ರಜೋಲಾಂ ಅರ್ಧರ್ಧ ಮಾತ್ರೆ ಬರೆದುಕೊಟ್ಟರು. ‘ಎರಡು ವಾರ ಅಷ್ಟೇ. ಆಮೇಲೆ ಬನ್ನಿ, ಬೇರೆ ಚಿಕಿತ್ಸೆ ಶುರು ಮಾಡೋಣ’ ಎಂದೂ ಹೇಳಿದರು. ಮಾತ್ರೆಯನ್ನು ನಾನು ಬೈಯುವುದಿಲ್ಲ. ಮನೆಯಿಂದ ಹೊರಬರಲು ಹೆದರುತ್ತಿದ್ದವಳು ವಾರದೊಳಗೆ ಒಲೆ ಮುಂದೆ ನಿಂತಿದ್ದಳು.

ಎರಡು ವಾರದ ಮೇಲೆ ಅವಳು ಹೋಗಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಖಾಲಿ ಶೀಟು ತೋರಿಸಿದರೆ ಹೊಸದು ಸಿಗುತ್ತಿತ್ತು. ತಂದುಕೊಡುತ್ತಿದ್ದವನು ನಾನೇ. ಮೂರು ವರ್ಷದಲ್ಲಿ ಅರ್ಧ ಹೋಗಿ ಒಂದಾಯಿತು, ಒಂದು ಹೋಗಿ ಮೂರಾಯಿತು.

ಆಮೇಲೆ ಸಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. ಒಂದು ದಿನ ಕುದಿಯುವ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಲ್ಲೇ ತೂಕಡಿಸಿದಳು. ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಿಸಬೇಕಾಗುತ್ತದೆ ಎಂದರು ಹೆಡ್ಮಾಸ್ಟರು. ಅಕ್ಕ ಅತ್ತಳು.

ಇಲ್ಲಿ ನನ್ನ ಘನಕಾರ್ಯ ಬರುತ್ತದೆ. ಹನ್ನೆರಡು ವರ್ಷ ಕುಡಿದು, ವೀರಭದ್ರನ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡಿ ಬಿಟ್ಟವನು ನಾನು. ಊರಿನ ಇನ್ನೂ ನಾಲ್ವರನ್ನು ಹಾಗೇ ಬಿಡಿಸಿದ್ದೆ. ಅದರ ಕೊಬ್ಬು ತಲೆಗೇರಿತ್ತು.

“ಚಟ ಅಂದ್ರೆ ಚಟ ಕಣಕ್ಕ. ಹೆಂಡ ಆದ್ರೇನು, ಮಾತ್ರೆ ಆದ್ರೇನು? ಒಂದೇ ಏಟಿಗೆ ಬಿಟ್ಬುಡು” ಎಂದೆ.

“ಡಾಕ್ಟ್ರನ್ನ ಒಂದ್ಮಾತು ಕೇಳಾಣೇನ್ಲಾ ಮಲ್ಲೇಶ?”

“ಅವ್ರು ಇನ್ನೊಂದು ಮಾತ್ರೆ ಬರ್ಕೊಡ್ತಾರೆ ಅಷ್ಟೆ.”

ಎಂಥ ಕತ್ತೆ ನಾನು! ಗುಡಿಗೆ ಕರೆದೊಯ್ದು, ಪೂಜಾರಿ ಗಂಗಾಧರಯ್ಯನವರು ಬರುವುದಕ್ಕೂ ಕಾಯದೆ ನಾನೇ ಕರ್ಪೂರ ಹಚ್ಚಿದೆ. ಇನ್ನು ಆ ಮಾತ್ರೆ ನಾಲಿಗೆಗೆ ಸೋಕಿಸುವುದಿಲ್ಲ ಎಂದು ಅಕ್ಕ ಉರಿ ಮುಟ್ಟಿ ಹೇಳಿದಳು.

ಎರಡನೆಯ ದಿನ ಮೈಯೆಲ್ಲ ಬೆವರು, ಕೈ ನಡುಕ. ಬಿಡುವಾಗ ನನಗೂ ಹೀಗೇ ಆಗಿತ್ತು ಎಂದು ಧೈರ್ಯ ಹೇಳಿದೆ. ಮೂರನೆಯ ಬೆಳಿಗ್ಗೆ ಅಂಗಳದಲ್ಲಿ ಫಿಟ್ಸ್ ಬಂದು ಬಿದ್ದಳು. ಆಂಬುಲೆನ್ಸಿಗೆ ಹೇಳಿ, ಡಾಕ್ಟರಿಗೆ ಫೋನ್ ಮಾಡಿದೆ.

“ಒಂದೇ ಸಲ ನಿಲ್ಲಿಸು ಅಂದವರು ಯಾರ್ರೀ? ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು ಇದನ್ನ! ಪೂರ್ತಿ ಎಚ್ಚರ ಬಂದು ನುಂಗೋ ಹಾಗಿದ್ರೆ ಈಗಲೇ ಮಾತ್ರೆ ಕೊಟ್ಟು ಕರ್ಕೊಂಡು ಬನ್ನಿ” ಎಂದು ಕೂಗಾಡಿದರು.

ಎಚ್ಚರವೇನೋ ಬಂತು. ಮಾತ್ರೆ ಕಂಡಿದ್ದೇ ಹಲ್ಲು ಕಚ್ಚಿಕೊಂಡಳು.

“ಕರ್ಪೂರ ಮುಟ್ಟಿದೀನಿ ಕಣ್ಲಾ. ನೀನೇ ತಾನೆ ಮುಟ್ಸಿದ್ದು? ಗುಡಿ ಅಯ್ನೋರ ಕೈಲಿ ಆಣೆ ಬುಡುಸ್ಕಂಡು ಬಾ, ಆಮೇಲೆ ನುಂಗ್ತೀನಿ.”

ಕಾಲು ಹಿಡಿದೆ, ಅತ್ತೆ. ಜಪ್ಪಯ್ಯ ಅನ್ನಲಿಲ್ಲ. ಗಂಗಾಧರಯ್ಯನವರ ಹತ್ತಿರ ಫೋನಿಲ್ಲ. ನನ್ನ ಹೆಂಡತಿ ಭುವನಾಳ ಕೈಗೆ ಮಾತ್ರೆ ಕೊಟ್ಟು, ಊರಾಚೆಯ ಗುಡಿಗೆ ಬೈಕ್ ಓಡಿಸಿದೆ.

ಗಂಗಾಧರಯ್ಯನವರು ಬಿಲ್ವಪತ್ರೆ ಬಿಡಿಸುತ್ತಿದ್ದರು. ಕೇಳಿ ಅವರ ಕೈ ನಿಂತುಹೋಯಿತು. “ಔಷಧಿ ಬುಡು ಅಂತ ಸ್ವಾಮಿ ಯಾವತ್ತು ಕೇಳಿದ್ನಪ್ಪಾ? ಹೋಗು, ಮೊದ್ಲು ನುಂಗ್ಸು. ಆಣೆ ನನ್ನ ತಲೆ ಮೇಲಿರ್ಲಿ” ಎಂದು ನನ್ನ ಅಂಗೈಗೆ ವಿಭೂತಿ ಹಾಕಿದರು.

ಹಿಂತಿರುಗಿದಾಗ ಮನೆ ಮುಂದೆ ಆಂಬುಲೆನ್ಸ್ ನಿಂತಿತ್ತು. ಅದರವರು ಖಾಲಿ ಸ್ಟ್ರೆಚರನ್ನು ವಾಪಸ್ ಒಳಗಿಡುತ್ತಿದ್ದರು. ಎರಡನೆಯ ಸಲ ಬಂದ ಫಿಟ್ಸ್ ಜೀವ ಹೋಗುವವರೆಗೂ ಬಿಡಲೇ ಇಲ್ಲವಂತೆ. ಅಕ್ಕನ ತಲೆ ಭುವನಾಳ ತೊಡೆಯ ಮೇಲಿತ್ತು. ಹಣೆಗೆ ವಿಭೂತಿ ಹಚ್ಚಿದೆ. ಇನ್ನೇನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಭುವನಾ ಮುಷ್ಟಿ ಬಿಚ್ಚಿದಳು. ಬೆವರಿಗೆ ಮಾತ್ರೆ ಕರಗಿ ಅಂಗೈಗೆ ಅಂಟಿತ್ತು.

“ಬಾಯೇನೋ ತೆಗೆದಿದ್ರು ಕಣ್ರೀ, ನುಂಗೋಕಲ್ಲ, ಕೇಳೋಕೆ. ರೋಡಲ್ಲಿ ಬೈಕ್ ಸದ್ದಾದಾಗೆಲ್ಲ ಮಲ್ಲೇಶ ಬಂದ್ನಾ, ಮಲ್ಲೇಶ ಬಂದ್ನಾ ಅಂತಿದ್ರು” ಎಂದಳು.