ಬಿಳಿಯಾಗಿಯೇ ಉಳಿದ ಕಾಗದ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಶಹಾಬಾದಿನ ಆಚೆ, ಸಿಮೆಂಟ್ ಕಾರ್ಖಾನೆಯೊಂದರ ಹಿಂದಿನ ಓಣಿಯಲ್ಲಿದ್ದೆವು. ಕಲ್ಲು ಸುಡುವ ಭಟ್ಟಿಯ ಹಳೆಯ ಚಿಮಣಿ ನಮ್ಮ ಮಾಳಿಗೆಗೆ ನೇರ. ಅತ್ತೆಯವರಿಗೆ ದಮ್ಮು. ಬೆಳಿಗ್ಗೆ ಆಚಮನಕ್ಕೆ ಕುಳಿತರೆ ಕೇಶವನಿಂದ ನಾರಾಯಣನಿಗೆ ಹೋಗುವಷ್ಟರಲ್ಲಿ ಕೆಮ್ಮು ಹಿಡಿಯುತ್ತಿತ್ತು.

ಓಣಿಯವರೆಲ್ಲ ದೂರು ಕೊಟ್ಟ ಮೇಲೆ ಸರಕಾರದ ಕಡೆಯವರೊಬ್ಬರು ಬಂದು ನಮ್ಮ ಮಾಳಿಗೆಯಲ್ಲಿ ಒಂದು ಯಂತ್ರ ಇಟ್ಟರು.

"ಇದು ಗಾಳಿ ಎಳ್ಕೋತದರಿ, ಅಮ್ಮಾ. ಒಳಗ ಬಿಳಿ ಕಾಗದ ಅದ. ನಾಳಿ ಅದನ್ನ ತೂಗಿದ್ರ ಎಷ್ಟು ಧೂಳ್ ಕುಂತದಂತ ತಿಳೀತದ. ಮಿತಿ ದಾಟಿತ್ತಂದ್ರ ಅವರು ಚಿಮಣಿಗೆ ಹೊಸಾ ಫಿಲ್ಟರ್ ಹಾಕ್ಲೇಬೇಕು."

ನಾನು ರಾಯರಿಗೆ ತುಪ್ಪದ ದೀಪ ಹಚ್ಚಿದೆ. ಮಿತಿ ದಾಟಲಿ ಎಂದು ಬೇಡಿಕೊಂಡೆ.

ಮರುದಿನ ಅವರು ಕಾಗದ ತೆಗೆದು ಬೆಳಕಿಗೆ ಹಿಡಿದರು. ಹಾಕಿದಾಗ ಹೇಗಿತ್ತೋ ಹಾಗೇ ಇತ್ತು.

"ನಿಮ್ಮ ಮಾಳಿಗಿ ಗಾಳಿ ಕಾಶಿ ಗಾಳಿಗಿಂತ ಛಲೋ ಅದಲ್ರಿ, ಅಮ್ಮಾ."

"ಹೌದಪಾ," ಎಂದರು ಅತ್ತೆ, ಕೆಮ್ಮುತ್ತಲೇ. "ಅದಕ್ಕ ನೋಡು, ಈ ಮುದುಕಿ ಹಿಂಗ ಹಾಡಾಕತ್ತಾಳ."

ಅವರು ಯಂತ್ರ ಹೊತ್ತು ಹೋದ ಮೇಲೆ ಅತ್ತೆ ಸಮಾಧಾನದಿಂದ ಹೇಳಿದರು: "ಅವ ಆ ಮಷೀನ್ ನಾ ಮಡಿಸೀರಿ ಒಣಹಾಕೋ ಜಾಗಾದಾಗ ಇಟ್ಟಿದ್ದನವ್ವ. ದಿನಾ ಮಡಿಗೆ ಧೂಳ್ ಬೀಳಬಾರ್ದಂತ ಕಟ್ಟಿದಂಗ ಅದಕ್ಕೂ ಸುತ್ತ ಹಸೀ ಸೀರಿ ಕಟ್ಟಿದೆ, ನೆಲಕ್ಕ ನೀರು ಹೊಡದೆ. ಧೂಳ್ ಹೊಕ್ಕು ಮಷೀನ್ ಕೆಟ್ಟಿದ್ರ ಪಾಪ ಅವನಿಗೇ ಬೈಗಳ. ಅವ ಮ್ಯಾಲ ಬರೂದ್ರೊಳಗ ತಗದೆ. ಮಡಿ ಮುಟ್ಟಿಬಿಟ್ಟಾನಂತ."

ನಾನು ಓಡಿಹೋಗಿ ಯಜಮಾನರಿಗೆ ಹೇಳಿದೆ. ಅವರು ಸೈಕಲ್ ಹತ್ತಿ ಆ ಮನುಷ್ಯರನ್ನು ಹುಡುಕಿಕೊಂಡು ಹೋದರು. ಯಂತ್ರ ಆಗಲೇ ಚಿಂಚೋಳಿ ಕಡೆ ಹೊರಟಿತ್ತು. "ಮುಂದಿನ ವರ್ಷ ನೋಡೋಣ್ರಿ," ಎಂದರಂತೆ. ನಮ್ಮ ಓಣಿ ಮಿತಿಯೊಳಗಿದೆ ಎಂದು ತೀರ್ಮಾನವಾಯಿತು. ಫಿಲ್ಟರ್ ಬರಲಿಲ್ಲ.

"ಏನ್ ಬಂತವಾ?" ಎಂದು ಅತ್ತೆ ಕೇಳಿದರು.

"ನಮ್ಮ ಮನಿ ಭಾಳ ಸ್ವಚ್ಛ ಅದ ಅಂತ ಬಂತ್ರಿ, ಅತ್ತ್ಯಾರ."

ಅವರ ಮುಖ ಅರಳಿತು. ಓಣಿಯ ಹೆಂಗಸರೂ ಅವರ ಮುಂದೆ ಫಿಲ್ಟರ್ ತಪ್ಪಿದ ಮಾತು ಎತ್ತಲಿಲ್ಲ. ಅದು ದೇವರ ದಯೆ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಅತ್ತೆಯವರ ಉಸಿರು ನಿಂತಿತು. ತೀರ್ಥ ಗಂಟಲಿಳಿದಿತ್ತು, ಅದೂ ದಯೆಯೇ. ಅಂದು ಗಾಳಿ ಕಾಗಿಣಾ ಹೊಳೆಯ ಕಡೆಯಿಂದ ಬೀಸಿ ಚಿಮಣಿಯ ಹೊಗೆಯನ್ನು ಆಚೆಗೆ ತಳ್ಳುತ್ತಿತ್ತು. ಅವರ ಮೇಲೆ ಹೊದಿಸಿದ ಬಟ್ಟೆಗೆ ಒಂದು ಕಣ ಧೂಳೂ ಬೀಳಲಿಲ್ಲ. ಆಚೆ ಓಣಿಯವರ ಮೇಲೆ ಬಿದ್ದಿರಬೇಕು.