ಲೋಷನ್ ನಿಂಬೆವ್ವ

ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲೋಷನ್ ನಿಂಬೆವ್ವನನ್ನು ತಡೆಯುವ ಗಂಡಸು ಇನ್ನೂ ಹುಟ್ಟಿಲ್ಲ. ಬಿರಿದ ಕೈಗೆ ಹಚ್ಚುವ ಲೋಷನ್ನಿಗೆ ಕುಸುಬಿ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ, ಬೇರೆ ಪಾತ್ರೆಯಲ್ಲಿ ಬಿಳಿಗಾರದ ನೀರು ಕಾಯಿಸಿ, ಎರಡನ್ನೂ ಬರಿಗೈಯಲ್ಲಿ ಮುಟ್ಟಿ ಬಿಸಿ ಸಮ ಬಂದಮೇಲೆಯೇ ನೀರನ್ನು ಎಣ್ಣೆಗೆ ದಾರದಂತೆ ಹೊಯ್ಯುತ್ತಾಳೆ. ಅದು ಆರುವವರೆಗೆ ಕಡಗೋಲು ನಿಲ್ಲುವಂತಿಲ್ಲ. ಆಗ ದೇವರು ಬಂದರೂ ಹೊಸ್ತಿಲಾಚೆ ಕಾಯಬೇಕು. ತುಂಬಿದ ಶೀಶೆಯನ್ನು ಎಂಟು ದಿನ ತಲೆಕೆಳಗಾಗಿ ಬಿಸಿಲಿಗಿಡುತ್ತಾಳೆ. ಒಂದು ಹನಿ ನೀರು ಬೇರೆಯಾದರೂ ಅಷ್ಟನ್ನೂ ಪಕ್ಕದ ಮನೆಯ ಎತ್ತಿನ ಗೊರಸಿಗೆ ಬಳಿಯುತ್ತಾಳೆ. ಕಿರಾಣಿ ಅಂಗಡಿಯ ಗುರಣ್ಣ, “ಕಳೆ ತೆಗಿಯೋ ಹೆಣ್ಮಕ್ಕಳಿಗೆ ಇಷ್ಟು ನಾಜೂಕು ಯಾಕಬೇ?” ಎಂದರೆ, “ನಿನ್ನ ಹೇಣ್ತಿಗಷ್ಟ ಚರ್ಮ ಐತೇನಲೇ? ನಮಗೇನ್ ಗೋಣಿತಟ್ಟು ಹೊಲಿದಾರೇನು?” ಎನ್ನುತ್ತಾಳೆ. ಈ ಹಟ ಸುಮ್ಮನೆ ಬಂದದ್ದಲ್ಲ. ೧೯೭೬ರಲ್ಲಿ, ಉಳುವವರಿಗೇ ಹೊಲ ಎಂಬ ಕಾನೂನಿನಡಿ, ತಾನು ಗೇಣಿಗೆ ಉಳುತ್ತಿದ್ದ ಹೊಲದ ಅರ್ಜಿಗೆ ಅವಳು ಒತ್ತಿದ ಹೆಬ್ಬೆಟ್ಟನ್ನು ನೋಡಿದ ಅಧಿಕಾರಿ, “ಇದು ಗುರುತಲ್ಲ, ಮಸಿ ಕಲೆ” ಎಂದು ಅರ್ಜಿ ಎಸೆದಿದ್ದ. ಕಳೆ ಕಿತ್ತು ಬಿರಿದ ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಹೊಲ ಹೋಯಿತು. ಅಂದಿನಿಂದ, ಹೊಲದ ಅರ್ಜಿಯ ವಿಚಾರಣೆಗೆ ಹೊರಡುವ ಪ್ರತಿ ಹೆಂಗಸಿನ ಹೆಬ್ಬೆರಳನ್ನು ಹದಿನೈದು ದಿನ ಮೊದಲಿನಿಂದಲೇ ಈ ಲೋಷನ್ ತಿಕ್ಕಿ ತಿಕ್ಕಿ ಮೆತ್ತಗೆ ಮಾಡುತ್ತಾಳೆ. ಮೊನ್ನೆ ಕಚೇರಿಯಲ್ಲಿ ಓಣಿಯ ತುಳಜಾಬಾಯಿ ತನ್ನ ಹೊಲದ ಅರ್ಜಿಗೆ ಒತ್ತಿದ ಹೆಬ್ಬೆಟ್ಟು ಸುಳಿಸುಳಿಯಾಗಿ ಮೂಡಿತು. ಬಾಗಿಲಲ್ಲಿದ್ದ ನಿಂಬೆವ್ವ ಜವಾನನನ್ನು ದಾಟಿ ಒಳನುಗ್ಗಿ, ಆ ಹಾಳೆಯನ್ನು ಅಧಿಕಾರಿಯ ಮುಂದೆ ಸರಿಸಿದಳು: “ಗೆರಿ ಎಣಿಸ್ಕೋರಿ ಸಾಹೇಬ್ರ. ಸಾಲಲಿಲ್ಲಂದ್ರ ಇನ್ನೊಂದ್ಸಲ ಒತ್ತಸ್ತೇನಿ.”